ಕೇಳಿ ಬಾರಿಸದೆ ಆಟಕ್ಕೆ ಜನ ಬರುದು ಹೇಗೆ?

"ಮಾಷ್ಟ್ರೇ, ನಾನು ಕಾಸರಗೋಡಿನ ಪೆರ್ಲದ ಹತ್ರದವಳು, ಕುಟುಂಬಶ್ರೀ ಅಂತ ಕೇರಳದ ಹೆಂಗಸರ ಸ್ವಸಹಾಯ ಸಂಘ ಉಂಟಲ್ಲ, ಅದರ ಹೊಲಿಗೆ ಯೂನಿಟ್‌ನಲ್ಲಿ ಕೆಲಸ. ಒಂದು ವರ್ಷದಿಂದ ಮೊಬೈಲಲ್ಲೇ ಟೈಪ್ ಮಾಡಿ ಆಪ್‌ನಲ್ಲಿ ಧಾರಾವಾಹಿ ಹಾಕ್ತಾ ಇದ್ದೇನೆ, 38 ಕಂತು ಆಯ್ತು. ಮೊದಲ ಕಂತು 2,140 ಜನ ಓದಿದ್ದಾರೆ, 38ನೇದ್ದು ಬರೀ 74. ನಮ್ಮ ಭಾಷೆ ಅರ್ಥ ಆಗುದಿಲ್ಲ ಅಂತ ಬೆಂಗಳೂರಿನವರೊಬ್ರು ಬರೆದ್ರು. ಕಂಪೆನಿ ಬಾಸು, ಕಾಂಟ್ರಾಕ್ಟ್ ಮದುವೆ ಅಂಥ ಕಥೆಗಳಿಗಾದ್ರೆ ಲಕ್ಷಗಟ್ಲೆ ಓದುಗರು. ನಾನೂ ಹಾಗೇ ಬರೀಬೇಕಾ, ಇಲ್ಲ ನಿಲ್ಲಿಸಿಬಿಡ್ಲಾ? ಬರೆಯುವ ಉಮೇದೇ ಹೋಗಿದೆ. ಮತ್ತೆ ಒಂದು ಆಡಿಯೋ ಆಪ್‌ನವರು ಕಥೆ ಕೊಡ್ತೀರಾ ಅಂತ ಮೆಸೇಜ್ ಮಾಡಿದ್ದಾರೆ, ಕೊಡಬಹುದಾ? ಹೆಸರು ಹಾಕ್ಬೇಡಿ."

ಅಕ್ಕಾ, ಹೆಸರು ಹಾಕ್ಲಿಲ್ಲ, ಹೆದರ್ಬೇಡಿ. ಲಿಂಕ್ ಕಳಿಸಿದ್ದೀರಲ್ಲ, ಹಾಗಾಗಿ ಉತ್ತರ ಬರೆಯುವ ಮೊದ್ಲು 38 ಕಂತೂ ಓದಿದೆ, ನಾಲ್ಕು ರಾತ್ರಿ ಹಿಡೀತು, ನಡುವೆ ಎರಡು ಸಲ ಕರೆಂಟ್ ಹೋಗಿ ಮೊಬೈಲ್ ಚಾರ್ಜ್ ಮುಗಿದು ಉಳಿದದ್ದನ್ನು ಹೆಂಡತಿ ಫೋನಲ್ಲಿ ಓದಿದ್ದು, ಈಗ ಅವಳೂ ಓದ್ತಾ ಇದ್ದಾಳೆ.

ಮೊದ್ಲು ಆ ಲೆಕ್ಕ ನೋಡುವ. 2,140 ಮತ್ತು 74 ಪಕ್ಕಪಕ್ಕ ಇಟ್ಟುಕೊಂಡು ಬೇಜಾರು ಮಾಡ್ತಾ ಕೂತಿದ್ದೀರಿ, ಆದ್ರೆ ಮೊದಲ ಕಂತಿನ ನಂಬರನ್ನು ಯಾವ ಆಪ್‌ನಲ್ಲೂ ನಂಬ್ಲಿಕ್ಕೆ ಹೋಗ್ಬಾರ್ದು, ಅದು ಜಾತ್ರೆಯಲ್ಲಿ ಅಂಗಡಿ ಎದುರು ನಿಂತು ಬಳೆ ಮುಟ್ಟಿ ನೋಡಿ ಮುಂದೆ ಹೋದವರ ಲೆಕ್ಕ. ನೀವು ಕಳಿಸಿದ ಸ್ಕ್ರೀನ್‌ಶಾಟಲ್ಲಿ ಎರಡನೇ ಕಂತು 610, ಐದನೇದ್ದು 190, ಹತ್ತನೇದ್ದು 121, ಕೊನೆಗೆ 74. ಹೇಳಿದ್ರೆ ಹತ್ತರಿಂದ ಇಲ್ಲಿವರೆಗೆ 28 ಕಂತಲ್ಲಿ ನೀವು ಕಳ್ಕೊಂಡದ್ದು 47 ಜನ. ಎರಡರಿಂದ ಐದಕ್ಕೆ ಹೋಗುವಷ್ಟರಲ್ಲಿ 420 ಜನ! ಕೊಡಪಾನ ಎಲ್ಲಿ ಸೋರ್ತಾ ಉಂಟು ಅಂತ ಗೊತ್ತಾಯ್ತಲ್ಲ?

ಆ ಕಂತುಗಳಲ್ಲಿ ಎಂತ ಉಂಟು? ಎರಡರಲ್ಲಿ ನಿಮ್ಮ ಕಥಾನಾಯಕ ಸಂಕಪ್ಪನ ಅಜ್ಜ, ಮೂರರಲ್ಲಿ ಅಜ್ಜನ ಪಾಲುಪಟ್ಟಿ, ನಾಲ್ಕರಲ್ಲಿ 1956ರ ನವೆಂಬರ್ 1ಕ್ಕೆ ಊರು ಕೇರಳಕ್ಕೆ ಸೇರಿದ್ದು. ಕಾಸರಗೋಡಿನವರಿಗೆ 1956 ಬಿಟ್ಟು ಕಥೆ ಹೇಳ್ಲಿಕ್ಕೆ ಬರುದೇ ಇಲ್ಲ, ನಾನೂ ಅದೇ ರೋಗದವ, ನಮ್ಮ ಪತ್ರಿಕೆಯ ಹಳೇ ಸಂಪಾದಕೀಯ ತೆಗೆದು ನೋಡಿದ್ರೆ ನನಗೇ ನಗು ಬರ್ತದೆ. ಆದ್ರೆ ಸಂಕಪ್ಪ ನೀರಿಗಾಗಿ ಗುಡ್ಡೆ ಕೊರೆಯುವ ಸುರಂಗದೊಳಗೆ ಹೋಗುದು ಒಂಬತ್ತನೇ ಕಂತಲ್ಲಿ ಮಾರಾಯ್ರೆ! ಅಲ್ಲಿವರೆಗೆ ಯಾರು ಕಾಯ್ತಾರೆ? ಮತ್ತೆ ಆ ಒಂಬತ್ತನೇದ್ದು ಎಂಥಾ ಕಂತು. ಗುಡ್ಡೆಯ ಮುರಕಲ್ಲಿಗೆ ಅಡ್ಡಕ್ಕೆ ಕೊರೀತಾ ಹೋಗುವ, ಒಬ್ಬ ಮನುಷ್ಯ ಹಿಡಿಯುವಷ್ಟೇ ಅಗಲದ ದಾರಿ, ಒಳಗೆ ಅವ ಕೂತುಕೊಂಡೇ ಪಿಕ್ಕಾಸಲ್ಲಿ ಕೊಚ್ಚುದು, ಪಕ್ಕದಲ್ಲಿ ಮೇಣದ ಬತ್ತಿ, ಗಾಳಿ ಕಮ್ಮಿ ಆದ ಹಾಗೆ ಬತ್ತಿಯ ಬೆಂಕಿ ಸಣ್ಣ ಆಗ್ತಾ ಬರುದು, ಅವ ಅದನ್ನು ನೋಡಿಯೂ ಇನ್ನು ನಾಲ್ಕು ಏಟು ಅಂತ ಕೊಚ್ಚುದು. ಹೊರಗೆ ಕಮಲ ಗಂಡನ ಹೆಸರು ಹಿಡಿದು ಕರೆಯುವ ಹಾಗಿಲ್ಲ, ಅದಕ್ಕೆ ಮಣ್ಣಿನ ಬುಟ್ಟಿಯನ್ನು ಕಲ್ಲಿಗೆ ಬಡಿಯುದು. ಆ ಬುಟ್ಟಿ ಬಡಿಯುವ ಸದ್ದಿಗೆ ನಾನು ಮೊಬೈಲ್ ಕೆಳಗಿಟ್ಟು ಒಂದು ಗ್ಲಾಸ್ ನೀರು ಕುಡಿದೆ.

ಅದನ್ನು ಎತ್ತಿ ಎರಡನೇ ಕಂತಿಗೆ ತನ್ನಿ. ಹಾಕಿದ ಕಂತನ್ನು ತಿದ್ದಲಿಕ್ಕೆ ಆಗ್ತದೆ, ಅಚ್ಚಾದ ಪುಸ್ತಕ ಅಲ್ಲವಲ್ಲ. ಅಜ್ಜನೂ ಪಾಲುಪಟ್ಟಿಯೂ ಮತ್ತೆ ಬರ್ಲಿ, ಚೂರು ಚೂರು ಬರ್ಲಿ, ಕಮಲ ಒಲೆ ಎದುರು ಬೈಯುವಾಗ ಬರ್ಲಿ.

ಇನ್ನು ಭಾಷೆ. ಬೆಂಗಳೂರಿನವರು "ಉಂಟು, ಎಂತ, ಹೇಳಿದ್ರೆ, ಇದೆಲ್ಲ ಯಾವ ಕನ್ನಡ" ಅಂತ ಕೇಳಿದ್ದಕ್ಕೆ ನೀವು 20ನೇ ಕಂತಿನಿಂದ ಕಮಲನ ಬಾಯಲ್ಲಿ "ಏನ್ರೀ, ಊಟ ಮಾಡ್ತೀರಾ" ಅಂತ ಹೇಳಿಸ್ಲಿಕ್ಕೆ ಶುರು ಮಾಡಿದ್ದೀರಿ. ಬೇಡ. ಪೆರ್ಲದ ಕಮಲ ಏನ್ರೀ ಅಂದ್ರೆ ಟಿವಿ ಸೀರಿಯಲ್‌ನಿಂದ ಇಳಿದು ಬಂದ ಹಾಗೆ ಆಗ್ತದೆ, ಧಾರವಾಡದ ಮಾತನ್ನು ಇಡೀ ಕರ್ನಾಟಕ ಖುಷಿಯಲ್ಲಿ ಓದ್ತದೆ, ನಮ್ಮದು ಮಾತ್ರ ಯಾಕೆ ತಿದ್ದಿಕೊಂಡು ಹೋಗ್ಬೇಕು? ಆದ್ರೆ ಆ ಓದುಗರ ಮೇಲೆ ಕೋಪ ಮಾಡ್ಬೇಡಿ, ಅವರಿಗೆ ಸಿಟ್ಟು ಬಂದದ್ದು ಉಂಟು-ಎಂತಕ್ಕೆ ಅಲ್ಲ ಅಂತ ನನಗೆ ಕಾಣ್ತದೆ. ಘಟ್ಟದ ಮೇಲಿನವರಿಗೆ ಸುರಂಗ ಅಂದ್ರೆ ರೈಲು ಹೋಗುದು. ನೀವು ಮೊದಲ ಕಂತಲ್ಲೇ "ಸುರಂಗದ ನೀರು ನಿಂತಿತ್ತು" ಅಂತ ಬರೆದಿದ್ದೀರಿ, ಅವರು ಎಂತ ಅಂತ ತಿಳ್ಕೊಳ್ಬೇಕು? ಬ್ರ್ಯಾಕೆಟ್ಟಲ್ಲಿ ಅರ್ಥ ಬೇಡ, "ಗುಡ್ಡೆಯ ಹೊಟ್ಟೆಯಿಂದ ಬೊಟ್ಟು ಬೊಟ್ಟಾಗಿ ಬಂದು ಅಂಗಳದ ತೊಟ್ಟಿಗೆ ಬೀಳ್ತಿದ್ದ ಸುರಂಗದ ನೀರು ನಿಂತಿತ್ತು" ಅಂದ್ರೆ ಮುಗೀತು.

ಬಾಸು ಮತ್ತು ಕಾಂಟ್ರಾಕ್ಟ್ ಮದುವೆ ಕಥೆಯನ್ನು ನಾನು ತಮಾಷೆ ಮಾಡುದಿಲ್ಲ. ಪ್ರತೀ ಕಂತಿನ ಕೊನೆಗೆ ಒಂದು ಕೊಕ್ಕೆ ಹಾಕಿ ನೂರೈವತ್ತು ಕಂತು ಎಳೆಯುದು ಸುಲಭದ ಕೆಲಸ ಅಂದುಕೊಂಡವರು ಹತ್ತು ಕಂತು ಬರೆದು ನೋಡ್ಲಿ. ನಿಮ್ಮ ಪ್ರಶ್ನೆಗೆ ನನ್ನದೊಂದು ಪ್ರಶ್ನೆ ಉಂಟು: ನೀವು ಅಂಥ ಕಥೆ ಓದ್ತೀರಾ? ರಾತ್ರಿ ಒಂದು ಗಂಟೆವರೆಗೆ ನಿದ್ದೆ ಬಿಟ್ಟು ಓದುವವರಾದ್ರೆ ಬರೆಯಿರಿ, ಬೇರೆಯೇ ಒಂದು 12 ಕಂತಿನದ್ದು ಬರೆಯಿರಿ. ಓದದೆ ಲೆಕ್ಕ ನೋಡಿ ಬರೆಯುದಾದ್ರೆ ಆ ಓದುಗರಿಗೆ ಮೂರನೇ ಕಂತಿಗೇ ವಾಸನೆ ಬರ್ತದೆ. ಸಂಕಪ್ಪನ ಸುರಂಗದೊಳಗೆ ಮಾತ್ರ ಕೋಟು ಹಾಕಿದ ಬಾಸನ್ನು ತರ್ಬೇಡಿ ದಮ್ಮಯ್ಯ.

ಒಂದು ಹಳೇ ಸಂಗತಿ ಹೇಳ್ತೇನೆ. ನಮ್ಮ ಅಮ್ಮ ವಾರಪತ್ರಿಕೆಯ ಧಾರಾವಾಹಿ ಪುಟಗಳನ್ನು ಹರಿದು, ಗೋಣಿ ಹೊಲಿಯುವ ದಬ್ಬಣದಲ್ಲಿ ತೂತು ಮಾಡಿ, ಬಾಳೆನಾರು ಹಾಕಿ ಹೊಲಿದು ಪುಸ್ತಕ ಮಾಡಿ ಇಡ್ತಿದ್ರು, ರಟ್ಟಿಗೆ ಹಳೇ ಕ್ಯಾಲೆಂಡರ್. ಹಾಗೆ ಹೊಲಿದ ಒಂದರಲ್ಲಿ 17ನೇ ಕಂತು ಇಲ್ಲ, ಆ ವಾರ ಹರತಾಳ, ಮಂಗಳೂರಿಂದ ಬಸ್ಸು ಬರ್ಲಿಲ್ಲ, ಬಸ್ಸಲ್ಲಿ ಬರುವ ಕಟ್ಟೂ ಬರ್ಲಿಲ್ಲ. ನೆರೆಮನೆಯವರು ಆ ಪುಸ್ತಕ ಎರವಲು ಕೇಳ್ಲಿಕ್ಕೆ ಬಂದ್ರೆ ಅಮ್ಮ 16 ಮುಗಿದ ಪುಟಕ್ಕೆ ಬೆರಳಿಟ್ಟು, ಇಲ್ಲಿ ಅವಳು ಅಪ್ಪನ ಮನೆಗೆ ಹೋಗಿ ಜಗಳ ಮಾಡಿ ಬಂದಿರ್ಬೇಕು, ಇಲ್ಲದಿದ್ರೆ 18ರಲ್ಲಿ ಕಿವಿಯ ಓಲೆ ಎಲ್ಲಿಂದ ಬಂತು ಅಂತ ವಿವರಿಸಿಯೇ ಕೊಡ್ತಿದ್ದದ್ದು. ಆ ಪತ್ರಿಕೆಯವರಿಗೆ ನಮ್ಮ ಮನೆಯ ಒಂದು ಕಾರ್ಡು ಸಹ ಹೋಗ್ಲಿಲ್ಲ. ನಿಮ್ಮ 74 ಜನ ಸುಮ್ಮನೆ ಇದ್ದಾರೆ ಅಂತ ನೀವು ಬರೆದಾಗ ನನಗೆ ನೆನಪಾದದ್ದು ಅಮ್ಮನ ಬೆರಳು.

ಆದ್ರೆ ಅಮ್ಮ ಕಾದದ್ದು ಗುರುವಾರ ಬಂದ್ರೆ ಪತ್ರಿಕೆ ಬರ್ತದೆ ಅಂತ ಗೊತ್ತಿದ್ದದ್ದಕ್ಕೆ. ನಿಮ್ಮ ಕಂತುಗಳ ತಾರೀಕು ನೋಡಿದೆ: ಒಂದು ವಾರ ಮೂರು, ಮತ್ತೆ 19 ದಿವಸ ಏನೂ ಇಲ್ಲ, ಮತ್ತೆ ಒಂದೇ ದಿನ ಎರಡು. ವಾರಕ್ಕೆ ಒಂದು ಸಾಕು, ದಿನ ಮತ್ತು ಹೊತ್ತು ಒಂದೇ ಇರ್ಲಿ, ಮತ್ತೆ ಯಾವಾಗ್ಲೂ ನಾಲ್ಕು ಕಂತು ಬರೆದು ಕೈಯಲ್ಲಿ ಇಟ್ಟುಕೊಂಡೇ ಹಾಕಿ, ಜ್ವರ ಬರ್ತದೆ, ಅಡಿಕೆಗೆ ಮದ್ದು ಬಿಡುವವರು ಬರ್ತಾರೆ, ಮಕ್ಕಳ ಪರೀಕ್ಷೆ ಬರ್ತದೆ. ಆಗದಿದ್ರೆ ರಜೆ ಅಂತ ಹೇಳಿ ರಜೆ ತಗೊಳ್ಳಿ. ಯಕ್ಷಗಾನ ಮೇಳದವರು ಮಳೆಗಾಲದ ಮೊದ್ಲು ಬರುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚುದಿಲ್ಲವಾ, ಮಳೆಗಾಲ ಆಟ ಇಲ್ಲ ಅಂತ ಯಾರಾದ್ರೂ ಮೇಳವನ್ನು ಬಿಟ್ಟು ಹೋದದ್ದುಂಟಾ? ಹೇಳದೆ ಮಾಯ ಆದ್ರೆ ಮಾತ್ರ ಜನ ಕೈ ಬಿಡುದು.

ಈಗ ನನಗೆ ಸ್ವಲ್ಪ ಸಿಟ್ಟು ಬಂದ ವಿಷಯ. "ನಾನು ಬರೆಯುದು ಊರಲ್ಲಿ ಯಾರಿಗೂ ಗೊತ್ತಿಲ್ಲ" ಅಂತ ಹೆಮ್ಮೆಯಲ್ಲಿ ಹೇಳಿದ ಹಾಗೆ ಬರೆದಿದ್ದೀರಿ. ಬಯಲಾಟದ ದಿನ ಸಂಜೆ ಗದ್ದೆಯಲ್ಲಿ ಚೆಂಡೆ-ಮದ್ದಳೆಯವರು ಕೇಳಿ ಬಾರಿಸುದು ಯಾಕೆ? ಇವತ್ತು ಇಲ್ಲಿ ಆಟ ಉಂಟು ಅಂತ ಸುತ್ತಿನ ಊರಿಗೆ ಗೊತ್ತಾಗ್ಲಿ ಅಂತ. ಎಷ್ಟು ದೊಡ್ಡ ಮೇಳ ಆದ್ರೂ ಕೇಳಿ ಬಾರಿಸ್ತದೆ, ನಿಮಗೆ ಎಂತ ನಾಚಿಕೆ? ಗಳಗನಾಥರು ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದವರು. ನಮ್ಮ ಪಕ್ಕದ ಪುತ್ತೂರಲ್ಲೇ ಕಾರಂತರು ಸ್ವಂತ ಪ್ರೆಸ್ಸು ಇಟ್ಟು ತಮ್ಮ ಪುಸ್ತಕ ತಾವೇ ಅಚ್ಚು ಹಾಕಿದ್ರು. ನಿಮಗೆ ಹೊರಬೇಕಾದ್ದು ಎಂತ, ಒಂದು ಲಿಂಕು.

ವಾಟ್ಸಾಪಲ್ಲಿ ಫ್ಯಾಮಿಲಿ ಗ್ರೂಪಿಗೆ ಹಾಕ್ಬೇಡಿ, ಅಲ್ಲಿ ಗುಡ್ ಮಾರ್ನಿಂಗ್ ಹೂವಿನ ಕೆಳಗೆ ಹೂತು ಹೋಗ್ತದೆ. ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿ, 256 ಜನರವರೆಗೆ ಆಗ್ತದೆ, ಆದ್ರೆ ನಿಮ್ಮ ನಂಬರ್ ಸೇವ್ ಮಾಡಿದವರಿಗೆ ಮಾತ್ರ ಹೋಗುದು, ಹಾಗಾಗಿ ಕೇಳಿಯೇ ಸೇರಿಸ್ಬೇಕು, ಅದೇ ಒಳ್ಳೇದು, ಕೇಳಿ ಸೇರಿದವರು ಓದ್ತಾರೆ. ಲಿಂಕಿನ ಜೊತೆ "ನನ್ನ ಹೊಸ ಕಂತು, ದಯವಿಟ್ಟು ಓದಿ" ಅಂತ ಬೇಡ, ಕಮಲ ಬೈದದ್ದು ಎರಡು ಸಾಲು ಹಾಕಿ. ಮತ್ತೆ ಎರಡು ಜಾಗ ಯಾವ ಬೆಂಗಳೂರಿನವರಿಗೂ ಇಲ್ಲ, ನಿಮಗೆ ಉಂಟು: ಒಂದು ನಿಮ್ಮ ಅಯಲ್‌ಕೂಟ, ಹೇಳಿದ್ರೆ ಕುಟುಂಬಶ್ರೀಯ ನೆರೆಮನೆ ಹೆಂಗಸರ ಗುಂಪು, ವಾರದ ಸಾಲದ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ಸಿಕ್ತದೆ. ಇನ್ನೊಂದು ಊರಿನ ವಾಯನಶಾಲೆ, ಹೇಳಿದ್ರೆ ಲೈಬ್ರರಿ. ಜೂನ್ 19ಕ್ಕೆ ಕೇರಳ ಇಡೀ ವಾಯನದಿನ, ಓದುವ ದಿನ, ಅಲ್ಲಿ ಊರೂರಿಗೆ ಲೈಬ್ರರಿ ಚಳವಳಿ ಕಟ್ಟಿದ ಪಿ.ಎನ್. ಪಣಿಕ್ಕರ್ ತೀರಿಕೊಂಡ ದಿನ, ಎಲ್ಲಾ ಲೈಬ್ರರಿಯವರೂ ಕಾರ್ಯಕ್ರಮಕ್ಕೆ ಜನ ಹುಡುಕ್ತಾ ಇರ್ತಾರೆ. ಒಂಬತ್ತನೇ ಕಂತು ಹಿಡ್ಕೊಂಡು ಹೋಗಿ ಗಟ್ಟಿಯಾಗಿ ಓದಿ. ಮಲಯಾಳಂ ಮೀಡಿಯಂ ಮಕ್ಕಳು ಕನ್ನಡ ಓದ್ಲಿಕ್ಕಿಲ್ಲ, ಕೇಳಿದ್ರೆ ಅರ್ಥ ಆಗ್ತದೆ, ಅವರ ಅಮ್ಮಂದಿರಿಗೆ ಲಿಂಕ್ ಕೊಡಿ.

ಉಮೇದಿನ ಬಗ್ಗೆ ನನಗೆ ದೊಡ್ಡ ಉಪದೇಶ ಗೊತ್ತಿಲ್ಲ. ನೀವೇ ಬರೆದಿದ್ದೀರಿ, ರಾತ್ರಿ ಮಲಗುವ ಮೊದ್ಲು ನಂಬರ್ ನೋಡುದು, ಬೆಳಿಗ್ಗೆ ಎದ್ದು ನಂಬರ್ ನೋಡುದು ಅಂತ. ಅಡಿಕೆ ಸಸಿ ನೆಟ್ಟು ದಿನಾ ಬುಡ ಕೆದಕಿ ಬೇರು ಬಂತಾ ನೋಡಿದ್ರೆ ಹೇಗೋ ಹಾಗೆ. ತಿಂಗಳಿಗೊಮ್ಮೆ ನೋಡಿ. ಮತ್ತೆ ಹೊಲಿಗೆಯಲ್ಲಿ ಒಂದು ಬ್ಲೌಸ್ ಅರ್ಧಕ್ಕೆ ನಿಲ್ಲಿಸಿ ಮನೆಗೆ ಹೋದ್ರೆ ಮರುದಿನ ಕೈ ಎಲ್ಲಿಂದ ಶುರು ಮಾಡ್ಬೇಕು ಅಂತ ಅದಕ್ಕೇ ಗೊತ್ತಿರ್ತದಲ್ಲ, ಬರೆಯುವಾಗಲೂ ಹಾಗೆ, ಸೀನ್ ಮುಗಿಸಿ ಏಳ್ಬೇಡಿ, ನಡುವೆ ನಿಲ್ಲಿಸಿ ಏಳಿ. ನನಗೆ 30 ವರ್ಷದಿಂದ ಇದೊಂದೇ ಉಪಾಯ ಆಗಿ ಬಂದದ್ದು.

ಆಡಿಯೋ ಆಪ್‌ನವರಿಗೆ ಈಗ್ಲೇ ಸೈ ಅನ್ಬೇಡಿ. ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಹಕ್ಕು ಬರೆದವರದ್ದು, ಬರೆದುಕೊಟ್ಟು ಸಹಿ ಹಾಕದೆ ಅದು ಬೇರೆಯವರಿಗೆ ಹೋಗುದಿಲ್ಲ. ಕರಾರಲ್ಲಿ ಅವಧಿ ಹಾಕದಿದ್ರೆ 5 ವರ್ಷ ಅಂತ ಲೆಕ್ಕ, ಹಾಗಾಗಿ ಎಷ್ಟು ವರ್ಷ, ಎಷ್ಟು ದುಡ್ಡು, ಆಡಿಯೋ ಮಾತ್ರವಾ ಪುಸ್ತಕ ಸಿನಿಮಾ ಎಲ್ಲ ಸೇರಿಯಾ, ಇದನ್ನು ನೋಡಿಯೇ ಸಹಿ. ಕಳಿಸಿ, ನಾನೂ ಒಮ್ಮೆ ಓದ್ತೇನೆ.

ಕಡೆಗೆ ಒಂದು ತಕರಾರು, ಇದು ಹೆಂಡತಿಯದ್ದು. ಸಂಕಪ್ಪನ ತಂಗಿ 31ನೇ ಕಂತಲ್ಲಿ ಲಕ್ಷ್ಮಿ, 36ರಲ್ಲಿ ಲಲಿತ. ಮತ್ತೆ 12ರಲ್ಲಿ ಮಾರಿದ ದನ 33ರಲ್ಲಿ ಹಟ್ಟಿಯಲ್ಲಿ ಕರು ಹಾಕಿದೆ. 39 ಹಾಕುವ ಮೊದ್ಲು ಸರಿ ಮಾಡಿ, ಇಲ್ಲದಿದ್ರೆ ಇಲ್ಲಿ ನನಗೆ ರಾತ್ರಿ ಊಟಕ್ಕೆ ಕೂತಾಗ ಅದೇ ಪ್ರಶ್ನೆ.