ತಣ್ಣಗೆ ಕುಡಿಯುವ ಕೆಂಪು ವೈನ್

ಪ್ರಶ್ನೆ: ಕೆಲಸದ ನಿಮಿತ್ತ ಫ್ರಾನ್ಸಿನ ಲಿಯೋನ್ ನಗರಕ್ಕೆ ಬಂದು ನಾಲ್ಕು ತಿಂಗಳಾಯಿತು. ಸಹೋದ್ಯೋಗಿಯೊಬ್ಬರು 'ಫ್ಲೂರಿ' ಎಂಬ ಕೆಂಪು ವೈನ್ ಕೊಟ್ಟು, ಇದು ಬೋಜೊಲೆ, ತಣ್ಣಗೆ ಮಾಡಿ ಕುಡಿಯಿರಿ ಎಂದರು. ಲೇಬಲ್ ಮೇಲೆ ಬೋಜೊಲೆ ಎಂಬ ಹೆಸರು ಎದ್ದು ಕಾಣುವುದಿಲ್ಲ. ಕೆಂಪು ವೈನನ್ನು ತಣಿಸಬಹುದೇ? ಮಾಂಸ ತಿನ್ನದ ನಾನು ಇದರೊಂದಿಗೆ ಏನು ತಿನ್ನಬಹುದು?

ಉತ್ತರ: ಖಂಡಿತ ತಣಿಸಬಹುದು. ಕೆಂಪು ವೈನನ್ನು ತಣಿಸಬಾರದೆಂಬ ಮಾತು ಒಗರು ಹೆಚ್ಚಿರುವ ವೈನ್‌ಗಳಿಗೆ ಅನ್ವಯಿಸುತ್ತದೆ. ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಿಂದ ಬರುವ ಟ್ಯಾನಿನ್, ಅಂದರೆ ನೇರಳೆ ಹಣ್ಣು ತಿಂದಾಗ ನಾಲಿಗೆಯನ್ನು ಹಿಡಿದುಕೊಳ್ಳುವಂಥ ಆ ಒಗರು, ತಣ್ಣಗಾದಷ್ಟೂ ಒರಟಾಗುತ್ತದೆ. ಬೋಜೊಲೆ ಎಂಬುದು ಲಿಯೋನ್‌ನ ಉತ್ತರಕ್ಕಿರುವ ವೈನ್ ಪ್ರದೇಶ; ಅಲ್ಲಿ ಬೆಳೆಯುವ ಗಮೇ ಎಂಬ ದ್ರಾಕ್ಷಿಯಲ್ಲಿ ಒಗರು ಕಡಿಮೆ, ಹುಳಿ ಹೆಚ್ಚು. ನೆರೆಯ ಬರ್ಗಂಡಿ ಪ್ರಾಂತದ ಡ್ಯೂಕ್ ಫಿಲಿಪ್ 1395ರಲ್ಲಿ ತನ್ನ ನಾಡಿನಿಂದ ಕಿತ್ತುಹಾಕಲು ಆಜ್ಞಾಪಿಸಿದ ಬಳ್ಳಿ ಇದೇ. ಬೋಜೊಲೆಯ ಗ್ರಾನೈಟ್ ಗುಡ್ಡಗಳಲ್ಲಿ ಅದಕ್ಕೆ ನೆಲೆ ಸಿಕ್ಕಿತು. ಅಲ್ಲಿ ಸಾಂಪ್ರದಾಯಿಕವಾಗಿ ಹಣ್ಣನ್ನು ಜಜ್ಜದೆ, ಕೈಯಿಂದ ಕೊಯ್ದ ಇಡೀ ಗೊಂಚಲುಗಳನ್ನೇ ತೊಟ್ಟಿಗೆ ತುಂಬುತ್ತಾರೆ. ಭಾರಕ್ಕೆ ಅಡಿಯಲ್ಲಿ ಒಡೆದ ಹಣ್ಣು ಹುದುಗಿ, ಅದರಿಂದ ಹೊರಟ ಇಂಗಾಲದ ಡೈಆಕ್ಸೈಡ್ ತೊಟ್ಟಿಯನ್ನೆಲ್ಲ ಆವರಿಸಿದಾಗ, ಮೇಲಿನ ಹಣ್ಣುಗಳು ಸಿಪ್ಪೆಯೊಳಗೇ ಹುದುಗತೊಡಗುತ್ತವೆ. ಸಿಪ್ಪೆಯ ಒಗರು ಹೆಚ್ಚು ಇಳಿಯದೆ, ಚೆರ್ರಿ, ರಾಸ್ಪ್‌ಬೆರಿ, ಕೆಲವೊಮ್ಮೆ ಬಾಳೆಹಣ್ಣಿನ ಪರಿಮಳ ಮೂಡುವುದು ಹೀಗೆ.

ಫ್ಲೂರಿ ಒಂದು ಊರು. 'ಕ್ರೂ' ಎಂಬ ಮನ್ನಣೆ ಪಡೆದ ಬೋಜೊಲೆಯ ಹತ್ತು ಪ್ರದೇಶಗಳಲ್ಲಿ ಅದೂ ಸೇರಿರುವುದರಿಂದ ಲೇಬಲ್ ಮೇಲೆ ಅದರ ಹೆಸರೇ ದೊಡ್ಡದಾಗಿರುತ್ತದೆ. ನವೆಂಬರ್ ತಿಂಗಳ ಮೂರನೆಯ ಗುರುವಾರ ಗದ್ದಲದೊಂದಿಗೆ ಮಾರುಕಟ್ಟೆಗೆ ಬರುವ 'ಬೋಜೊಲೆ ನುವೋ' ಬೇರೆ. ಕೆಲವೇ ವಾರಗಳ ಆ ಎಳೆಯ ವೈನನ್ನು ಕುಡಿದು ಇಡೀ ಬೋಜೊಲೆಯನ್ನು ಹಗುರವಾಗಿ ಕಾಣುವವರು ಬಹಳ, ಅದು ಅನ್ಯಾಯವೆಂದೇ ನನ್ನ ಎಣಿಕೆ. ನಿಮ್ಮ ಬಾಟಲಿಯನ್ನು ಮುಕ್ಕಾಲು ಗಂಟೆ ಫ್ರಿಜ್‌ನಲ್ಲಿಟ್ಟು ತೆಗೆದರೆ ಸಾಕು. 13 ಅಥವಾ 14 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪರಿಮಳ ಚೆನ್ನಾಗಿ ಬಿಚ್ಚಿಕೊಳ್ಳುತ್ತದೆ, ಅದಕ್ಕಿಂತ ತೀರಾ ತಣ್ಣಗಾದರೆ ಹುಳಿಯೊಂದೇ ಉಳಿಯುತ್ತದೆ.

ಇನ್ನು ಊಟ. ಲಿಯೋನ್‌ನವರು ಇದನ್ನು ಹಂದಿಮಾಂಸದ ಸಾಸೇಜ್‌ಗಳೊಂದಿಗೆ ಕುಡಿಯುವುದಕ್ಕೆ ಕಾರಣ, ವೈನಿನ ಹುಳಿಯು ಬಾಯಿಯ ಜಿಡ್ಡನ್ನು ಕಳೆಯುತ್ತದೆ ಎಂಬುದು. ಆ ಜಿಡ್ಡು ಮಾಂಸದ್ದೇ ಆಗಬೇಕೆಂದಿಲ್ಲ. ನಿಮ್ಮ ಊರಿನದೇ 'ಸೆರ್ವೆಲ್ ದ ಕಾನ್ಯೂ'ವನ್ನು ಮೊದಲು ಪ್ರಯತ್ನಿಸಿ. ಹೆಸರಿನ ಅರ್ಥ ರೇಷ್ಮೆ ನೇಕಾರನ ಮಿದುಳು ಎಂದಾದರೂ ಗಾಬರಿಯಾಗಬೇಡಿ: ಗಟ್ಟಿ ಮೊಸರಿನಂಥ ತಾಜಾ ಚೀಸ್‌ಗೆ ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಹಸಿರು ಸೊಪ್ಪು, ಎಣ್ಣೆ, ವಿನೆಗರ್ ಬೆರೆಸಿದ ಪದಾರ್ಥವದು. ಬೆಣ್ಣೆಯಲ್ಲಿ ಹುರಿದ ಅಣಬೆ, ಕೆನೆಯಲ್ಲಿ ಬೇಯಿಸಿದ ಆಲೂಗಡ್ಡೆಯ ಗ್ರಾತಾಂ, ಸೇಂಟ್ ಮಾರ್ಸೆಲಾಂ ಚೀಸ್ ಕೂಡ ಒಪ್ಪುತ್ತವೆ. ಮೊಟ್ಟೆ ತಿನ್ನುವವರಾದರೆ ಆಮ್ಲೆಟ್ ಸೊಗಸು. ಹೋಟೆಲಿನಲ್ಲಿ ಲಿಯೋನ್ ಸಲಾಡ್ ಕೇಳುವ ಮುನ್ನ ಮಾತ್ರ ಎಚ್ಚರವಿರಲಿ, ಅದರಲ್ಲಿ ಹಂದಿಮಾಂಸದ ತುಣುಕುಗಳಿರುತ್ತವೆ.

ಮನೆಯ ಅಡುಗೆಯಲ್ಲಿ ಖಾರ ಮುಂದಾದರೆ ಮದ್ಯಾಂಶವು ಆ ಉರಿಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಆದ್ದರಿಂದ ಸಾರು, ಗೊಜ್ಜುಗಳನ್ನು ಬದಿಗಿಟ್ಟು, ಮೆಣಸಿನಕಾಯಿ ಕಡಿಮೆ ಹಾಕಿದ ಬದನೆಕಾಯಿ ಪಲ್ಯದೊಂದಿಗೆ ಕುಡಿದು ನೋಡಿ. ಕೆಲವು ವೈನ್‌ಗಳನ್ನು ತಿಳಿಗೊಳಿಸಲು ಮೊಟ್ಟೆಯ ಬಿಳಿ ಅಥವಾ ಪ್ರಾಣಿಜನ್ಯ ಜೆಲಟಿನ್ ಬಳಸುವುದುಂಟು; ನಿಮಗೆ ಅದೂ ನಿಷಿದ್ಧವಾದರೆ, ಮುಂದಿನ ಬಾಟಲಿ ಕೊಳ್ಳುವಾಗ 'ವೀಗನ್' ಗುರುತನ್ನು ನೋಡಿಕೊಳ್ಳಿ.