‘ಕೆಮಿಕಲ್ ಅಂದರೆ ಏನೆಂದು ನನಗೆ ಗೊತ್ತು ಮೇಡಂ’

ದ್ವಿತೀಯ ಪಿಯು ಫಲಿತಾಂಶದ ಹೊತ್ತಿಗೆ ಮುಂದಿನ ಓದಿನ ಸಲಹೆಗೆಂದು ನನ್ನ ಬಳಿ ಬರುವ ಮನೆಗಳಲ್ಲಿ ಒಂದು ಜಗಳ ಪ್ರತಿವರ್ಷ ಇದ್ದೇ ಇರುತ್ತದೆ. ಮಗಳು ರಸಾಯನಶಾಸ್ತ್ರ ಓದುತ್ತೇನೆ ಎನ್ನುತ್ತಾಳೆ, ಮನೆಯವರು ಕಂಪ್ಯೂಟರ್ ಸೈನ್ಸ್ ಎನ್ನುತ್ತಾರೆ. ಕೊನೆಗೆ ಯಾರೋ ಒಬ್ಬ ಸೋದರಮಾವ ‘ಹಾಗಾದರೆ ಕೆಮಿಕಲ್ ಎಂಜಿನಿಯರಿಂಗ್ ಮಾಡಲಿ ಬಿಡಿ’ ಎಂದು ರಾಜಿ ಮಾಡಿಸುತ್ತಾರೆ. ಈ ರಾಜಿ ನನಗೆ ಒಪ್ಪಿಗೆಯಿಲ್ಲ. ಅಲ್ಲಿ ಓದುವುದು ಹೆಚ್ಚಾಗಿ ಶಾಖ, ಒತ್ತಡ, ದ್ರವದ ಹರಿವು ಮತ್ತು ಅವುಗಳ ಗಣಿತ. ಒಳ್ಳೆಯ ಓದೇ ಹೌದು, ಆದರೆ ಪ್ರನಾಳ ಹಿಡಿಯುವ ಆಸೆಯಿಂದ ಹೋದವರಿಗೆ ಕೊಳವೆಗಳ ಲೆಕ್ಕ ಸಿಗುತ್ತದೆ.

ಸುಮಾ (ಹೆಸರು ಬದಲಿಸಿದ್ದೇನೆ) ಅಂಥದ್ದೇ ಜಗಳದ ನಡುವೆ ಬಂದ ಹುಡುಗಿ. ಅಂಕಗಳು ಚೆನ್ನಾಗಿದ್ದವು. ತಂದೆ ಪೀಣ್ಯದಲ್ಲಿ ಲೋಹಕ್ಕೆ ಲೇಪ ಹಾಕುವ ಒಂದು ಪ್ಲೇಟಿಂಗ್ ಘಟಕದಲ್ಲಿ ಕೆಲಸಗಾರ. ಮೊದಲ ಭೇಟಿಯಲ್ಲಿ ಅವರು ‘ಸ್ಕೋಪ್ ಇಲ್ಲ’ ಎಂಬ ಮಾತನ್ನಷ್ಟೇ ಹೇಳಿ ಎದ್ದುಹೋಗಿದ್ದರು.

ಎರಡನೇ ಭೇಟಿಯಲ್ಲಿ ನಾನು ಔಷಧ ಕಂಪನಿಗಳ ಕೆಲಸ ವಿವರಿಸುತ್ತಿದ್ದಾಗ ಅವರು ನಡುವೆ ತಡೆದರು. “ಸಂಬಳದ ಮಾತು ಆಮೇಲೆ. ಕೆಮಿಕಲ್ ಅಂದರೆ ಏನೆಂದು ನನಗೆ ಗೊತ್ತು ಮೇಡಂ,” ಎಂದು ಎರಡೂ ಕೈ ಮೇಜಿನ ಮೇಲಿಟ್ಟರು. ಬೆರಳ ಗೆಣ್ಣಿನ ಮೇಲೆ ಕಡಲೆ ಗಾತ್ರದ ಗುಳಿ, ಉಗುರಂಚಿನಲ್ಲಿ ಹಳದಿ. “ಇದು ಕ್ರೋಮ್ ತೊಟ್ಟಿ ಕೊಟ್ಟದ್ದು. ನನ್ನ ಜೊತೆಯವನಿಗೆ ಮೂಗಿನೊಳಗೇ ತೂತಾಗಿದೆ. ಸಾಲ ಮಾಡಿ ಓದಿಸಿ ಮಗಳನ್ನು ಅಲ್ಲಿಗೇ ಕಳುಹಿಸಲೇ?”

ಅವರು ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಇಲ್ಲ. ಕ್ರೋಮಿಕ್ ಆಮ್ಲದ ಆವಿ ಮೂಗಿನ ನಡುಗೋಡೆಯನ್ನು ತಿನ್ನುತ್ತದೆ, ಚರ್ಮದಲ್ಲಿ ಮಾಯದ ಹುಣ್ಣು ಮಾಡುತ್ತದೆ. ಇಂಥ ತಂದೆಯ ಮುಂದೆ ‘ಮಕ್ಕಳ ಕನಸಿಗೆ ಅಡ್ಡ ಬರಬೇಡಿ’ ಎಂದು ಭಾಷಣ ಮಾಡುವುದು ಅವಿವೇಕ. ನಾನು ಬೇರೆ ಪ್ರಶ್ನೆ ಕೇಳಿದೆ: “ತೊಟ್ಟಿಯ ದ್ರಾವಣ ಕೆಟ್ಟಿದೆ ಎಂದು ನಿಮಗೆ ಯಾರು ಹೇಳುತ್ತಾರೆ?”

ಅವರ ದನಿ ಬದಲಾಯಿತು. ಅದು ಅವರಿಗೆ ಗೊತ್ತಿದ್ದ ವಿಷಯ. ನಿಕ್ಕಲ್ ಲೇಪ ಮಂಕಾದರೆ, ಅಂಚು ಸುಟ್ಟಂತೆ ಕಪ್ಪಾದರೆ, ಲೇಪಕ್ಕೆ ಹೊಳಪು ಕೊಡುವ ಬ್ರೈಟ್ನರ್ ಸರಬರಾಜು ಮಾಡುವ ಕಂಪನಿಯ ಕೆಮಿಸ್ಟ್ ಬರುತ್ತಾನೆ. ಬಾಟಲಿಯಲ್ಲಿ ಹಸಿರು ದ್ರಾವಣ ತುಂಬಿಕೊಳ್ಳುತ್ತಾನೆ. ಒಂದು ಸಣ್ಣ ಡಬ್ಬಿಯಲ್ಲಿ ಹಿತ್ತಾಳೆ ತಗಡನ್ನು ಓರೆಯಾಗಿ ನಿಲ್ಲಿಸಿ ಕರೆಂಟ್ ಹಾಯಿಸುತ್ತಾನೆ. ಆಮೇಲೆ ತಗಡನ್ನು ಬೆಳಕಿಗೆ ಹಿಡಿದು ‘ಬೋರಿಕ್ ಇಷ್ಟು ಹಾಕಿ, ಬ್ರೈಟ್ನರ್ ಅಷ್ಟು’ ಎಂದು ಬರೆದುಕೊಟ್ಟು ಹೋಗುತ್ತಾನೆ.

ಅಷ್ಟು ಹೊತ್ತು ಬ್ಯಾಗಿನ ಜಿಪ್ ಎಳೆಯುತ್ತ ಕೂತಿದ್ದ ಸುಮಾ, “ಓರೆಯಾಗಿ ಏಕೆ ಅಪ್ಪಾ?” ಎಂದಳು.

“ಏನೋ, ಗೊತ್ತಿಲ್ಲ. ಹಾಗೇ ಇಡುತ್ತಾನೆ.”

ಅವಳು ನನ್ನ ಮೇಜಿನ ಪೆನ್ಸಿಲನ್ನು ಓರೆಯಾಗಿಟ್ಟು ನೋಡಿದಳು. “ಒಂದು ತುದಿ ಎದುರಿನ ಆನೋಡಿಗೆ, ಅಂದರೆ ಪ್ಲಸ್ ತಗಡಿಗೆ ಹತ್ತಿರ, ಅಲ್ಲಿ ಕರೆಂಟ್ ಜಾಸ್ತಿ. ಇನ್ನೊಂದು ತುದಿ ದೂರ, ಕಡಿಮೆ. ಒಂದೇ ತಗಡಿನಲ್ಲಿ ಎಲ್ಲ ತರಹದ ಕರೆಂಟಿನ ಲೇಪವನ್ನೂ ನೋಡಿಬಿಡಬಹುದು!”

ಹಲ್ ಸೆಲ್ ಎಂಬ ಆ ಡಬ್ಬಿಯ ಗುಟ್ಟು ಅದೇ. ಪಿಯು ಪಠ್ಯದಲ್ಲಿ ಅದಿಲ್ಲ. ಯಾವ ಆಸಕ್ತಿ ಪರೀಕ್ಷೆಯ ಅಂಕಪಟ್ಟಿಯೂ ನನಗೆ ಇಷ್ಟು ಹೇಳಲಾರದು. ತಂದೆ ಮಗಳನ್ನೊಮ್ಮೆ ನೋಡಿ, “ಆ ಕೆಮಿಸ್ಟ್ ಹುಡುಗ ಎಂ.ಎಸ್ಸಿ. ಅಂತೆ,” ಎಂದರು. ತಕ್ಷಣ ನನ್ನ ಕಡೆ ತಿರುಗಿ, “ಅದಕ್ಕೆ ಎಷ್ಟು ವರ್ಷ ಬೇಕು?”

ಈ ಪ್ರಶ್ನೆಯನ್ನು ಕೇಳುವ ಪೋಷಕರು ಜಿಪುಣರು ಎಂದು ಕೆಲವು ಸಲಹೆಗಾರರು ತಿಳಿಯುತ್ತಾರೆ. ನನ್ನ ಮಟ್ಟಿಗೆ ಇದೇ ಮೊದಲು ಕೇಳಬೇಕಾದ ಪ್ರಶ್ನೆ, ಏಕೆಂದರೆ ರಸಾಯನಶಾಸ್ತ್ರದಲ್ಲಿ ಓದಿನ ಪ್ರತಿ ಮೆಟ್ಟಿಲಿಗೂ ಬೇರೆ ಕೆಲಸವಿದೆ. ಮೂರು ವರ್ಷದ ಬಿ.ಎಸ್ಸಿ. ಮುಗಿಸಿದವರಿಗೆ ಜಿಗಣಿ, ಬೊಮ್ಮಸಂದ್ರದ ಕಡೆ ಗುಣಮಟ್ಟ ಪರೀಕ್ಷೆಯ ಕೆಲಸವಿದೆ. ಪಾಳಿ ಇರುತ್ತದೆ, ಆರಂಭದ ಸಂಬಳ ದೊಡ್ಡದಲ್ಲ. ಎಂ.ಎಸ್ಸಿ. ಆದರೆ ಸಂಶೋಧನಾ ಪ್ರಯೋಗಾಲಯದ ಬಾಗಿಲು ತೆರೆಯುತ್ತದೆ, ಜೊತೆಗೆ ಬಿ.ಇಡಿ. ಇದ್ದರೆ ಪಿಯು ಉಪನ್ಯಾಸಕ ಹುದ್ದೆಗೂ ಅರ್ಜಿ ಹಾಕಬಹುದು. ತನ್ನದೇ ಪ್ರಶ್ನೆಯ ಬೆನ್ನು ಹತ್ತಬೇಕಾದರೆ ಪಿಎಚ್.ಡಿ. ಬೇಕೇ ಬೇಕು. ಆ ಹಂತದಲ್ಲಿ ಮನೆಯವರು ದುಡ್ಡು ಕಟ್ಟಬೇಕಿಲ್ಲ ಎಂಬುದು ಸುಮಾಳ ತಂದೆಗೆ ಹೊಸ ಸುದ್ದಿ. ಸಿಎಸ್‌ಐಆರ್ ನೆಟ್ ಎಂಬ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧಕರ ನೆರವು) ಪಡೆದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್ ಇದೆ. ಬಿ.ಎಸ್ಸಿ. ನಂತರ ಎಂ.ಎಸ್ಸಿ. ಪ್ರವೇಶದ ಜ್ಯಾಮ್ ಪರೀಕ್ಷೆ ಬರೆದು ಐಐಎಸ್‌ಸಿ ಅಥವಾ ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಎಂ.ಎಸ್ಸಿ.ಯನ್ನೂ ಒಳಗೊಂಡ ಇಂಟಿಗ್ರೇಟೆಡ್ ಪಿಎಚ್.ಡಿ.ಗೂ ಪ್ರಯತ್ನಿಸಬಹುದು.

ನಾನು ಕೊಟ್ಟ ಸಲಹೆ ಇಷ್ಟು. ಐಸರ್ ಎಂಬ ಕೇಂದ್ರ ಸರ್ಕಾರದ ವಿಜ್ಞಾನ ಸಂಸ್ಥೆಗಳ ಪ್ರವೇಶಕ್ಕಿರುವ ಐಎಟಿ ಪರೀಕ್ಷೆ ಬರೆಯಲಿ. ಐಐಎಸ್‌ಸಿಯ ನಾಲ್ಕು ವರ್ಷದ ಪದವಿಗೂ ಅದರ ಅಂಕ ನಡೆಯುತ್ತದೆ. ಈ ಪರೀಕ್ಷೆಯಲ್ಲಿ ಜೀವಶಾಸ್ತ್ರದ ಪ್ರಶ್ನೆಗಳೂ ಇರುತ್ತವೆ. ಪಿಯುನಲ್ಲಿ ಜೀವಶಾಸ್ತ್ರದ ಬದಲು ಕಂಪ್ಯೂಟರ್ ಸೈನ್ಸ್ ಇರುವ ಪಿಸಿಎಂಸಿ ತೆಗೆದುಕೊಂಡವರು ಇದನ್ನು ತಿಳಿಯದೆ ಹೋಗಿ ಕಂಗಾಲಾಗುತ್ತಾರೆ. ಸೀಟು ಸಿಗದಿದ್ದರೆ ಅನುದಾನಿತ ಕಾಲೇಜಿನಲ್ಲಿ ಬಿ.ಎಸ್ಸಿ. ಸೇರಲಿ, ಸೇರುವ ಮೊದಲು ತಂದೆ ಮಗಳು ಇಬ್ಬರೂ ಹೋಗಿ ಲ್ಯಾಬ್ ನೋಡಿ ಬರಲಿ. ಆವಿ ಹೊರಹಾಕುವ ಫ್ಯೂಮ್ ಹುಡ್ ನಿಜಕ್ಕೂ ಓಡುತ್ತದೆಯೇ? ದ್ರಾವಣ ಅಳೆಯುವ ಒಂದು ಬ್ಯುರೆಟ್‌ಗೆ ಎಷ್ಟು ವಿದ್ಯಾರ್ಥಿಗಳು? ಇದನ್ನು ಪರೀಕ್ಷಿಸುವ ಕೆಲಸವನ್ನು ತಂದೆಗೇ ವಹಿಸಿದೆ. ಆವಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಾಗಬೇಕು?

ಎಂಜಿನಿಯರಿಂಗ್ ಸೀಟಿನ ಸಿಇಟಿ ಆಯ್ಕೆಪಟ್ಟಿಯನ್ನೂ ತುಂಬಲಿ ಎಂದು ತಂದೆ ಷರತ್ತು ಹಾಕಿದರು, ನಾನು ಒಪ್ಪಿದೆ. ಎರಡು ದೋಣಿಗಳ ಮೇಲೆ ಕಾಲಿಡಿಸಿದಿರಿ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಒಬ್ಬರ ದುಡಿಮೆಯಲ್ಲಿ ನಡೆಯುವ ಮನೆಗೆ ಇನ್ನೊಂದು ದಾರಿಯನ್ನು ಆಗಸ್ಟ್‌ವರೆಗೆ ತೆರೆದಿಡುವುದರಿಂದ ನಷ್ಟವೇನಿಲ್ಲ; ದಾರಿ ಮುಚ್ಚಿ ಧೈರ್ಯ ಹೇಳುವುದು ನಮಗೆ ಸುಲಭ, ಫೀಸು ಕಟ್ಟುವವರು ಅವರು. ನಾನೂ ಒಂದು ಷರತ್ತು ಹಾಕಿದೆ: ಆ ಪಟ್ಟಿಯಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಹಾಕುವುದಿದ್ದರೆ ಅದರ ಪಠ್ಯಕ್ರಮವನ್ನು ಸುಮಾ ಮೊದಲು ಓದಿರಬೇಕು. ಅವಳು ಓದಿದಳು, ಹಾಕಲಿಲ್ಲ.