ಓದುಗರ ಪ್ರಶ್ನೆ: ಅಣ್ಣ ತಮ್ಮನ ಮಧ್ಯೆ ಅಮೆರಿಕದ ಅಧ್ಯಕ್ಷ

ಪ್ರಶ್ನೆ: ನನಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಟೆಕ್ಸಾಸ್‌ನಲ್ಲಿ, ಚಿಕ್ಕವನು ನ್ಯೂಜೆರ್ಸಿಯಲ್ಲಿ. ಇಬ್ಬರೂ ಅಲ್ಲಿನ ಪ್ರಜೆಗಳಾಗಿದ್ದಾರೆ, ಓಟು ಹಾಕುತ್ತಾರೆ. ಹುತ್ತರಿಗೆ ಮುಂಚೆ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಟ್ರಂಪ್ ವಿಷಯಕ್ಕೆ ಜಗಳ ಶುರುವಾಯಿತು. ದೊಡ್ಡವನು 'ಇಂಥ ಗಟ್ಟಿ ನಾಯಕ ಬೇಕಿತ್ತು, ದುಡಿಯದವರಿಗೆ ಇನ್ನೆಷ್ಟು ದಿನ ಕೊಡೋದು' ಅಂತಾನೆ. ಚಿಕ್ಕವನು 'ಬಡವರ ಔಷಧಿ, ಊಟ ಕಿತ್ತು ಶ್ರೀಮಂತರಿಗೆ ತೆರಿಗೆ ಬಿಟ್ಟಿದ್ದಾರೆ' ಅಂತಾನೆ. ಈಗ ಮಾತೇ ಇಲ್ಲ. ಅಪ್ಪನ ಬಿಪಿ ಜಾಸ್ತಿಯಾಗಿದೆ ಅಂತ ಗ್ರೂಪಿಗೆ ಹಾಕಿದರೂ ಇಬ್ಬರೂ ಬೇರೆ ಬೇರೆ ಫೋನ್ ಮಾಡಿ ಕೇಳುತ್ತಾರೆ. ಯಾರು ಹೇಳುವುದು ಸರಿ?
(ಓದುಗರು, ಸುಂಟಿಕೊಪ್ಪ)

ಉತ್ತರ: ಅಮ್ಮಾ, ನಿಮ್ಮ ಕಾಗದ ಎರಡು ಸಲ ಓದಿದೆ. ಇಬ್ಬರ ಮಾತಿನಲ್ಲೂ ನಿಜ ಇದೆ. ಆದರೆ ಸಮಸಮ ಇಲ್ಲ. ನನಗೆ ಅನಿಸಿದ್ದನ್ನು ಮುಚ್ಚಿಡದೆ ಹೇಳುತ್ತೇನೆ.

ಈ ಜಗಳದ ಮೂಲ 2025ರ ಜುಲೈ 4ರಂದು ಟ್ರಂಪ್ ಸಹಿ ಹಾಕಿದ ಕಾನೂನು. 'ಒನ್ ಬಿಗ್ ಬ್ಯೂಟಿಫುಲ್ ಬಿಲ್' ಅಂತ ಅದರ ಹೆಸರು. ತೆರಿಗೆ ಇಳಿಸಿ, ಬಡವರ ಯೋಜನೆಗಳ ಖರ್ಚು ಕಡಿತ ಮಾಡಿದ ಕಾನೂನು ಇದು. ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಓಟು 50-50 ಆಗಿ, ಕೊನೆಗೆ ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್ ಓಟಿನಿಂದ ಪಾಸಾಯಿತು. ಡೆಮಾಕ್ರಟಿಕ್ ಪಕ್ಷದ ಒಬ್ಬರೂ ಬೆಂಬಲಿಸಲಿಲ್ಲ. ಅಧ್ಯಕ್ಷರದೇ ರಿಪಬ್ಲಿಕನ್ ಪಕ್ಷದ ಮೂವರು, ಸೂಸನ್ ಕಾಲಿನ್ಸ್, ಥಾಮ್ ಟಿಲಿಸ್, ರ‍್ಯಾಂಡ್ ಪಾಲ್, ವಿರುದ್ಧ ಓಟು ಹಾಕಿದರು. ಟಿಲಿಸ್ ಅವರಿಗೆ ಬಡವರ ಆರೋಗ್ಯ ವಿಮೆಯ ಚಿಂತೆ, ಪಾಲ್ ಅವರಿಗೆ ದೇಶದ ಸಾಲದ ಚಿಂತೆ. ಒಂದೇ ಪಕ್ಷದೊಳಗೆ ಇಷ್ಟು ಭೇದ ಇರುವಾಗ ಒಂದೇ ಮನೆಯೊಳಗೆ ಇರುವುದು ದೊಡ್ಡ ವಿಷಯ ಅಲ್ಲ ಬಿಡಿ.

ಕಡಿತ ಆಗಿದ್ದು ಮುಖ್ಯವಾಗಿ ಎರಡು ಕಡೆ. ಒಂದು ಮೆಡಿಕೇಡ್. ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ ಇದು, 1965ರಲ್ಲಿ ಲಿಂಡನ್ ಜಾನ್ಸನ್ ತಂದದ್ದು. ಇನ್ನೊಂದು ಸ್ನ್ಯಾಪ್, ನಮ್ಮ ರೇಷನ್ ಇದ್ದ ಹಾಗೆ. ಆದರೆ ಅಲ್ಲಿ ಅಕ್ಕಿ ತೂಗಿ ಕೊಡುವುದಿಲ್ಲ, ತಿಂಗಳು ತಿಂಗಳು ಕಾರ್ಡಿಗೆ ದುಡ್ಡು ಹಾಕುತ್ತಾರೆ, ಅಂಗಡಿಯಲ್ಲಿ ಆಹಾರ ಸಾಮಾನು ತಗೋಬಹುದು. ಅಲ್ಲಿನ ಸಂಸತ್ತಿಗೆ ಲೆಕ್ಕ ಕೊಡುವ, ಯಾವ ಪಕ್ಷಕ್ಕೂ ಸೇರದ ಒಂದು ಕಚೇರಿ ಇದೆ, ಕಾಂಗ್ರೆಷನಲ್ ಬಜೆಟ್ ಆಫೀಸ್ ಅಂತ. ಈ ಕಾನೂನಿನಿಂದ 2034ರ ಹೊತ್ತಿಗೆ ವಿಮೆ ಇಲ್ಲದವರ ಸಂಖ್ಯೆ ಸುಮಾರು 1 ಕೋಟಿ ಜಾಸ್ತಿಯಾಗುತ್ತದೆ ಅನ್ನುವುದು ಅವರ ಅಂದಾಜು. ತೆರಿಗೆ, ಕಡಿತ ಎಲ್ಲ ಸೇರಿಸಿ ನೋಡಿದರೆ ತೀರಾ ಕೆಳಗಿನ ಹತ್ತನೇ ಒಂದು ಭಾಗದ ಕುಟುಂಬಗಳಿಗೆ ವರ್ಷಕ್ಕೆ ಸುಮಾರು 1,200 ಡಾಲರ್ ನಷ್ಟ, ಮೇಲಿನ ಹತ್ತನೇ ಒಂದು ಭಾಗಕ್ಕೆ ಸುಮಾರು 13,600 ಡಾಲರ್ ಲಾಭ ಅಂತಲೂ ಅವರೇ ಹೇಳಿದ್ದಾರೆ. ಹಾಗಾಗಿ ಲೆಕ್ಕದ ಮಟ್ಟಿಗೆ ನಿಮ್ಮ ಚಿಕ್ಕ ಮಗನ ಮಾತು ಸರಿ.

ದೊಡ್ಡವನ ಮಾತನ್ನೂ ತಳ್ಳಿಹಾಕಬೇಡಿ. ಮೈಯಲ್ಲಿ ಶಕ್ತಿ ಇದ್ದವರು ದುಡಿಯಲಿ ಅನ್ನುವುದು ಕೆಟ್ಟ ಮಾತಲ್ಲ. ಕಾಫಿ ಕೊಯ್ಲಿಗೆ ಆಳು ಸಿಗದೆ ಒದ್ದಾಡುವಾಗ ನಾವೂ ಅದನ್ನೇ ಹೇಳುತ್ತೇವಲ್ವಾ? ಹೊಸ ಕಾನೂನು ಹೇಳುವುದೂ ಅದೇ. ಮೆಡಿಕೇಡ್‌ನಲ್ಲಿರುವ ಲಕ್ಷಾಂತರ ವಯಸ್ಕರು ತಿಂಗಳಿಗೆ 80 ಗಂಟೆ ಕೆಲಸ, ಓದು ಅಥವಾ ಸಮಾಜಸೇವೆ ಮಾಡಿದ್ದಕ್ಕೆ ದಾಖಲೆ ತೋರಿಸಬೇಕು. ಕೆಲವರಿಗೆ ವಿನಾಯಿತಿ ಇದೆ. ತೊಂದರೆ ಇರುವುದು ಆ 'ದಾಖಲೆ' ಅನ್ನುವಲ್ಲಿ.

ಅರ್ಕಾನ್ಸಾಸ್ ರಾಜ್ಯ 2018ರಲ್ಲೇ ಇದನ್ನು ಮಾಡಿ ನೋಡಿತ್ತು. ಶುರುವಿನಲ್ಲಿ ವೆಬ್‌ಸೈಟಿನಲ್ಲಿ ಮಾತ್ರ ದಾಖಲಿಸಬೇಕಿತ್ತು, ಅದೂ ರಾತ್ರಿ 9ರಿಂದ ಬೆಳಿಗ್ಗೆ 7ರವರೆಗೆ ಬಂದ್. ಹಗಲೆಲ್ಲ ದುಡಿದು ಬಂದವರು ಏನು ಮಾಡಬೇಕು? ಕೆಲವೇ ತಿಂಗಳಲ್ಲಿ 18,000ಕ್ಕೂ ಜಾಸ್ತಿ ಜನರ ವಿಮೆ ಹೋಯಿತು. 2019ರ ಮಾರ್ಚ್‌ನಲ್ಲಿ ನ್ಯಾಯಾಧೀಶರು ಅದನ್ನು ನಿಲ್ಲಿಸಿದರು. ಆಮೇಲೆ ಹಾರ್ವರ್ಡ್‌ನ ಸಂಶೋಧಕರು ನೋಡಿದಾಗ, ಈ ನಿಯಮಕ್ಕೆ ಒಳಪಟ್ಟವರಲ್ಲಿ ನೂರಕ್ಕೆ 95ಕ್ಕಿಂತ ಜಾಸ್ತಿ ಜನ ಮೊದಲೇ ಷರತ್ತು ಪೂರೈಸಿದವರು ಅಥವಾ ವಿನಾಯಿತಿ ಸಿಗಬೇಕಾದವರು. ಕೆಲಸಕ್ಕೆ ಹೋಗುವವರ ಸಂಖ್ಯೆಯೂ ಹೆಚ್ಚಲಿಲ್ಲ.

ಇದನ್ನು ಓದುವಾಗ ನನಗೆ ನಮ್ಮ ತೋಟದ ಲೈನ್ ಮನೆಯ ಅಕ್ಕನ ನೆನಪಾಯಿತು. ಕಳೆದ ಮಳೆಗಾಲ ರೇಷನ್ ಅಂಗಡಿಯಲ್ಲಿ ನಾನು ಅವರ ಹಿಂದೆಯೇ ನಿಂತಿದ್ದೆ. ಹೆಬ್ಬೆಟ್ಟು ಮೆಷಿನ್ ಮೇಲೆ ಇಟ್ಟರು. ಬೀಪ್ ಅಂತು, ತಗೊಳ್ಳಲಿಲ್ಲ. ಸೆರಗಿಗೆ ಒರೆಸಿಕೊಂಡು ಮತ್ತೆ ಇಟ್ಟರು. ಇಲ್ಲ. ಮೂವತ್ತು ವರ್ಷ ಕಾಫಿ ಕೊಯ್ದು, ಕಳೆ ಕಿತ್ತು, ಕರಿಮೆಣಸು ತಿಕ್ಕಿದ ಕೈ. ಬೆರಳಿನ ಗೆರೆಯೇ ಸವೆದುಹೋಗಿದೆ. ಅಂಗಡಿಯವರು ಪಾಪ ಒಳ್ಳೆಯವರು, ತೆಂಗಿನೆಣ್ಣೆ ಹಚ್ಚಿ ನೋಡಿ ಅಂದರು, ಉಂಗುರದ ಬೆರಳು ಇಡಿ ಅಂದರು. ಅಷ್ಟರಲ್ಲಿ ಗಾಳಿಮಳೆಗೆ ಕರೆಂಟ್ ಹೋಯಿತು, ನೆಟ್‌ವರ್ಕೂ ಹೋಯಿತು. ಅಕ್ಕ ಖಾಲಿ ಚೀಲ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಹೋದರು. ಮೂರನೇ ಸಲ ಬಂದಾಗ ಅಕ್ಕಿ ಸಿಕ್ಕಿತು, ಎರಡು ದಿನದ ಕೂಲಿ ಹೋಯಿತು. ಯಾರೂ ಅವರ ಅಕ್ಕಿ ಕಡಿತ ಮಾಡಿರಲಿಲ್ಲ. ಸರ್ಕಾರದ ಪಟ್ಟಿಯಲ್ಲಿ ಅವರ ಹೆಸರೂ ಸರಿಯಾಗಿತ್ತು.

ಹಾಗಾಗಿ ನಿಮ್ಮ ದೊಡ್ಡ ಮಗನಿಗೆ ಅರ್ಕಾನ್ಸಾಸ್‌ನಲ್ಲಿ ಏನಾಯಿತು ಅಂತ ಕೇಳಿ. ಚಿಕ್ಕವನಿಗೆ 1996ರಲ್ಲಿ ಬಡ ಕುಟುಂಬಗಳ ನಗದು ಸಹಾಯಕ್ಕೆ ಕೆಲಸದ ಷರತ್ತು, ಐದು ವರ್ಷದ ಮಿತಿ ಹಾಕಿದ ಕಾನೂನಿಗೆ ಸಹಿ ಹಾಕಿದವರು ಯಾರು ಅಂತ ಕೇಳಿ. ಬಿಲ್ ಕ್ಲಿಂಟನ್, ಡೆಮಾಕ್ರಟಿಕ್ ಪಕ್ಷದವರೇ. ಇಬ್ಬರಿಗೂ ಒಂದೇ ಗ್ರೂಪಿನಲ್ಲಿ ಕೇಳಿ, ಬೇರೆ ಬೇರೆ ಫೋನಿನಲ್ಲಿ ಬೇಡ. ಅಪ್ಪನ ಬಿಪಿ ವಿಷಯಕ್ಕೆ ಮಾತ್ರ ಇಬ್ಬರನ್ನೂ ಒಟ್ಟಿಗೆ ವಿಡಿಯೋ ಕಾಲಿಗೆ ಕೂರಿಸಿ, ಅದಕ್ಕೆ ಕಾಯಬೇಡಿ.

ಪ್ರಶ್ನೆ: ಅಧ್ಯಕ್ಷರು ಒಬ್ಬರೇ ಮನಸ್ಸು ಮಾಡಿ ಯಾವುದೇ ಯೋಜನೆ ನಿಲ್ಲಿಸಬಹುದಾ ಸರ್? ಕಾಲೇಜಿನಲ್ಲಿ ಚರ್ಚೆ ಆಯಿತು.
(ವಿದ್ಯಾರ್ಥಿ, ಗೋಣಿಕೊಪ್ಪ)

ಉತ್ತರ: ಖಜಾನೆಯ ಬೀಗದ ಕೈ ಇರುವುದು ಅಲ್ಲಿನ ಸಂಸತ್ತಿನ ಹತ್ತಿರ. ರಿಚರ್ಡ್ ನಿಕ್ಸನ್ ಅಧ್ಯಕ್ಷರಾಗಿದ್ದಾಗ, ನೀರಿನ ಮಾಲಿನ್ಯ ತಡೆಯಲು ಸಂಸತ್ತು ಕೊಟ್ಟ ಹಣವನ್ನು ಪೂರ್ತಿ ಖರ್ಚು ಮಾಡಲು ಬಿಡಲಿಲ್ಲ. 1974ರಲ್ಲಿ ಸಂಸತ್ತು ಇದಕ್ಕೆ ಕಡಿವಾಣ ಹಾಕುವ ಕಾನೂನು ತಂದಿತು. 1975ರಲ್ಲಿ ಸುಪ್ರೀಂ ಕೋರ್ಟ್ ಕೂಡ ಆ ಹಣ ತಡೆಹಿಡಿದದ್ದು ತಪ್ಪು ಅಂದಿತು.

ಈಗ ಅದೇ ಪ್ರಶ್ನೆ ಮತ್ತೆ ಎದ್ದಿದೆ. ಬೇರೆ ದೇಶಗಳಿಗೆ ನೆರವು ಕೊಡುತ್ತಿದ್ದ ಯುಎಸ್‌ಏಡ್ ಸಂಸ್ಥೆಯ ಕೆಲಸ 2025ರ ಜುಲೈ 1ಕ್ಕೆ ನಿಂತಿತು. ಆಗಸ್ಟ್‌ನಲ್ಲಿ ಸುಮಾರು 490 ಕೋಟಿ ಡಾಲರ್ ವಿದೇಶಿ ನೆರವನ್ನು ತಡೆಹಿಡಿಯುತ್ತೇನೆ ಅಂತ ಟ್ರಂಪ್ ಸಂಸತ್ತಿಗೆ ತಿಳಿಸಿದರು. ಅವರದೇ ಪಕ್ಷದ ಸೂಸನ್ ಕಾಲಿನ್ಸ್ ಇದು ಕಾನೂನಿಗೆ ವಿರುದ್ಧ ಅಂದರು. ಸುಪ್ರೀಂ ಕೋರ್ಟ್ ಸದ್ಯಕ್ಕೆ ಅಧ್ಯಕ್ಷರನ್ನು ತಡೆಯಲಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಹತ್ತು ಜನ ಕೂತು ಚರ್ಚೆ ಮಾಡಿ ಕೊಟ್ಟ ಹಣವನ್ನು ಒಬ್ಬರೇ ತಡೆಯುವುದನ್ನು ಗಟ್ಟಿ ನಾಯಕತ್ವ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ. ನಾಳೆ ಇನ್ನೊಂದು ಪಕ್ಷದವರು ಅದೇ ಕುರ್ಚಿಯಲ್ಲಿ ಕೂತು ಅದನ್ನೇ ಮಾಡಿದರೆ ಇಂದು ಚಪ್ಪಾಳೆ ಹೊಡೆದವರು ಏನು ಹೇಳುತ್ತಾರೆ? ನಿಮ್ಮ ಚರ್ಚೆಯಲ್ಲಿ ಇದನ್ನೂ ಕೇಳಿ.

ಪ್ರಶ್ನೆ: 2025ರ ಕೊನೆಯಲ್ಲಿ ಅಮೆರಿಕ ಸರ್ಕಾರ ಬಂದ್ ಆಯಿತಲ್ಲ, ತಪ್ಪು ಯಾರದು?
(ಓದುಗರು, ಶನಿವಾರಸಂತೆ)

ಉತ್ತರ: ಸಂಸತ್ತು ಖರ್ಚಿಗೆ ಹಣ ಮಂಜೂರು ಮಾಡದಿದ್ದರೆ ಅಲ್ಲಿ ಸರ್ಕಾರದ ಅನೇಕ ಕೆಲಸ ನಿಲ್ಲುತ್ತದೆ, ಅದೇ ಈ ಬಂದ್. ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ, ಒಟ್ಟು 43 ದಿನ. ಅವಧಿ ಮುಗಿಯುತ್ತಿದ್ದ ಆರೋಗ್ಯ ವಿಮೆ ಸಬ್ಸಿಡಿಯನ್ನು ಮುಂದುವರಿಸಿ, ಆಮೇಲೆ ಬಜೆಟ್‌ಗೆ ಓಟು ಹಾಕುತ್ತೇವೆ ಅಂತ ಡೆಮಾಕ್ರಟಿಕ್ ಪಕ್ಷದವರು. ಮೊದಲು ಸರ್ಕಾರ ತೆರೆಯಿರಿ, ಆಮೇಲೆ ಮಾತು ಅಂತ ರಿಪಬ್ಲಿಕನ್ನರು. ಈ ಹಗ್ಗಜಗ್ಗಾಟದಲ್ಲಿ ನವೆಂಬರ್ ಶುರುವಿನಲ್ಲಿ ಸ್ನ್ಯಾಪ್ ಹಣ ಸಮಯಕ್ಕೆ ಬರಲಿಲ್ಲ. ಸುಮಾರು 4 ಕೋಟಿ 20 ಲಕ್ಷ ಜನ ಅದನ್ನು ನಂಬಿಕೊಂಡಿದ್ದಾರೆ. ಪೂರ್ತಿ ಕೊಡಿ ಅಂತ ಕೋರ್ಟು ಹೇಳಿದ ಮೇಲೂ ಅಧ್ಯಕ್ಷರ ಆಡಳಿತ ಮೇಲಿನ ಕೋರ್ಟಿಗೆ ಹೋಯಿತು. ಬಂದ್ ಆಗಿದ್ದಕ್ಕೆ ಎರಡೂ ಪಕ್ಷಗಳ ಹಟ ಕಾರಣ ಅಂತ ನಾನು ಒಪ್ಪುತ್ತೇನೆ. ಆದರೆ ಊಟದ ಹಣ ಪೂರ್ತಿ ಕೊಡದೆ ಇರಲು ಕೋರ್ಟಿಗೆ ಹೋದದ್ದು ಒಂದೇ ಕಡೆಯವರು. ಆ ತಪ್ಪನ್ನು ಇಬ್ಬರಿಗೂ ಹಂಚಲು ಆಗುವುದಿಲ್ಲ.